ಮಧ್ವರಾಜರು ಕರುವನ್ನು ಕಾಪಾಡಿದ್ದು

"ಇನ್ನು ಮೇಲೆ ಮೈಲಾಪೂರಿನಲ್ಲಿ ಒಂದು ಕತ್ತೆ ಕೂಡ ಕಣ್ಣೀರು ಹಾಕಕೂಡದು!"

ಊಟದೆಲೆಯ ಮುಂದೆ ಕುಳಿತು ಮಧ್ವರಾಜರು ಹೀಗೆ ಘೋಷಿಸಿದಾಗ ಅವರ ಹೆಂಡತಿ ರತ್ನಾವತಿ ಸಾರಿನ ಸೌಟು ಹಿಡಿದು ನಿಂತಿದ್ದರು. ಘೋಷಣೆ ಮುಗಿಯುವವರೆಗೂ ಕಾದರು. ಆಮೇಲೆ ಕೇಳಿದರು:

"ಕತ್ತೆ ಕಣ್ಣೀರು ಇರಲಿ. ನಿಮಗೆ ಇನ್ನೊಂದು ಸೌಟು ಸಾರು ಬೇಕಾ, ಮಜ್ಜಿಗೆ ಹಾಕ್ಲಾ?"

ಮಹಾಪುರುಷರ ಹೆಂಡಂದಿರೆಲ್ಲ ಹೀಗೆಯೇ ಎಂದುಕೊಂಡು ಮಧ್ವರಾಜರು ಸಾರನ್ನೇ ಹಾಕಿಸಿಕೊಂಡರು.

ಪ್ರಾಣಿಹಿಂಸೆ ತಡೆಯುವುದಕ್ಕೆಂದು ದಿಲ್ಲಿಯಲ್ಲಿ ಹೊಸ ಕಾನೂನು ಬಂದಿತ್ತು. ಮಾಡಿದ್ದು ಸರ್ಕಾರವೇ ಆದರೂ ಮಾಡಿಸಿದ್ದು ತಾವೇ ಎಂಬ ಗತ್ತು ಮಧ್ವರಾಜರ ನಡಿಗೆಯಲ್ಲಿ ಸೇರಿಕೊಂಡಿತ್ತು. ಹೊಟ್ಟೆಪಾಡಿಗೆ ಮೌಂಟ್ ರೋಡಿನ ವಿಮಾ ಕಚೇರಿಯಲ್ಲಿ ಗುಮಾಸ್ತಿಕೆ. ಉಳಿದ ಹೊತ್ತೆಲ್ಲ ಪ್ರಾಣಿಮಿತ್ರ ಸಂಘದ ಸದಸ್ಯತ್ವ. ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ. ಅದಕ್ಕೆ ದಿನಾ ಹುಣಸೆಹುಳಿಯ ಅಭಿಷೇಕ! ಒಮ್ಮೆ ಲಸ್ ಕಾರ್ನರಿನಲ್ಲಿ ಜಟಕಾದ ಕುದುರೆ ಏದುಸಿರು ಬಿಡುತ್ತಿದೆ ಎಂದು ಕರುಣೆ ಉಕ್ಕಿ, ಹತ್ತಿದ್ದ ಜಟಕಾದಿಂದ ಹೆಂಡತಿಯನ್ನೂ ಅಕ್ಕಿಮೂಟೆಯನ್ನೂ ಇಳಿಸಿ, ಮನೆಯವರೆಗೆ ನಡೆಸಿಕೊಂಡು ಬಂದಿದ್ದರು. ಮೂಟೆ ಹೊತ್ತವರು ಯಾರು ಎಂದು ರತ್ನಾವತಿಯವರನ್ನು ಕೇಳಬೇಡಿ. ಇವತ್ತಿಗೂ ಅವರು ಆ ಮಾತೆತ್ತಿದರೆ ಸೊಂಟ ನೀವಿಕೊಳ್ಳುತ್ತಾರೆ.

ಮನೆಯ ಗೇಟಿಗೆ ಮಧ್ವರಾಜರು ಸ್ವಹಸ್ತದಿಂದ ಒಂದು ಬೋರ್ಡು ಬರೆದು ತೂಗುಹಾಕಿದ್ದರು, ಮೇಲೆ ತಮಿಳಿನಲ್ಲಿ, ಕೆಳಗೆ ಕನ್ನಡದಲ್ಲಿ: "ಇಲ್ಲಿ ಯಾವ ಪ್ರಾಣಿಯನ್ನೂ ಹೊಡೆಯಬಾರದು, ಎಳೆಯಬಾರದು, ಬಾಲ ತಿರುಚಬಾರದು, ಬೈಯಬಾರದು." ಬೈಯಬಾರದು ಎನ್ನುವುದು ಕಾನೂನಿನಲ್ಲಿ ಇರಲಿಲ್ಲ. ಅದು ಮಧ್ವರಾಜರ ಸ್ವಂತ ತಿದ್ದುಪಡಿ!

ಈಗ ಇಷ್ಟೊಂದು ಹುರುಪಿಗೆ ಕಾರಣವಿತ್ತು. ಸಂಘದವರು ದಕ್ಷಿಣ ಮದರಾಸಿಗೆ ಒಬ್ಬ ಗೌರವ ಇನ್‌ಸ್ಪೆಕ್ಟರನ್ನು ನೇಮಿಸುವವರಿದ್ದರು. ಸಂಬಳವಿಲ್ಲ, ಆದರೆ ಕೊರಳಿಗೆ ಕೆಂಪು ದಾರದ ಸೀಟಿ! ರಸ್ತೆಯಲ್ಲಿ ಅದನ್ನು ಊದಿದರೆ ಗಾಡಿ ನಿಲ್ಲಬೇಕು. ಕಚೇರಿಯಲ್ಲಿ ಮಧ್ವರಾಜರು ಗಂಟೆ ಒತ್ತಿದರೆ ಜವಾನ ಕೂಡ ಬರುತ್ತಿರಲಿಲ್ಲ. ಹಾಗಾಗಿ ಊದಿದ ಕೂಡಲೇ ಇಡೀ ಗಾಡಿ ನಿಲ್ಲುವ ಪದವಿ ಅವರ ನಿದ್ದೆ ಕೆಡಿಸಿತ್ತು. ಸ್ಪರ್ಧೆಯಲ್ಲಿದ್ದದ್ದು ಬೇರೆ ಯಾರೂ ಅಲ್ಲ, ರತ್ನಾವತಿಯವರ ತಂಗಿಯ ಗಂಡ ಸದಾನಂದ. ಟಿ. ನಗರದಲ್ಲಿ ಹೋಟೆಲಿಟ್ಟು, ಉಳಿದ ಇಡ್ಲಿಯನ್ನು ಬೀದಿನಾಯಿಗಳಿಗೆ ಹಾಕಿ ಹೆಸರು ಮಾಡಿಕೊಂಡವನು.

"ಹುಳಿ ಬಂದ ಇಡ್ಲಿ ಹಾಕುವುದು ದಯೆಯಾ? ಆ ನಾಯಿಗಳ ಹೊಟ್ಟೆ ಕೇಳಬೇಕು!" ಎನ್ನುತ್ತಿದ್ದರು ಮಧ್ವರಾಜರು.

ಭಾನುವಾರ ಬೆಳಿಗ್ಗೆ ಸಂಘದ ಅಧ್ಯಕ್ಷರಾದ ರಘುರಾಮ ರಾಯರು ಮಧ್ವರಾಜರ ಮನೆಗೆ ಕಾಫಿಗೆ ಬರುವುದೆಂದು ನಿಶ್ಚಯವಾಗಿತ್ತು. ನಿವೃತ್ತ ಜಡ್ಜರು, ಮೈಸೂರು ಕಡೆಯವರು. ಕನ್ನಡಕವಿಲ್ಲದಿದ್ದರೆ ಎದುರಿನ ಕಂಬಕ್ಕೂ ನಮಸ್ಕಾರ ಮಾಡುವವರು. ಆದರೆ ಕನ್ನಡಕ ಹಾಕಿದರೆ ವಯಸ್ಸಾದಂತೆ ಕಾಣುತ್ತದೆಂದು ನಾಲ್ಕು ಜನರೆದುರು ಅದನ್ನು ಜೇಬಿನಿಂದ ಹೊರಗೆ ತೆಗೆಯುತ್ತಲೇ ಇರಲಿಲ್ಲ. ಎರಡು ಸಂಗತಿಗಳಲ್ಲಿ ಮಾತ್ರ ಅವರನ್ನು ಮೋಸಗೊಳಿಸಲು ಸಾಧ್ಯವಿಲ್ಲ ಎಂದು ಪ್ರತೀತಿ: ಸಾಕ್ಷಿಯ ಮಾತು ಮತ್ತು ಕಾಫಿಯ ಹಾಲು.

ಭಾನುವಾರ ಮಧ್ವರಾಜರು ನಸುಕಿನಲ್ಲೇ ಎದ್ದರು. ಅಧ್ಯಕ್ಷರು ಬರುವುದರೊಳಗೆ ಯಾವುದಾದರೂ ಒಂದು ಪ್ರಾಣಿಯನ್ನು ಕಾಪಾಡಿಬಿಡಬೇಕು ಎಂಬ ಸಂಕಲ್ಪ! ಬಿಲ್ಲೆ ಚುಚ್ಚಿಕೊಂಡು ಜಗಲಿಯಲ್ಲಿ ಕುಳಿತರು. ಮನೆಗೆ ಹಾಲು ಹೇಗೆ ಬರುತ್ತದೆ ಎಂಬುದನ್ನು ಅವರು ಅದುವರೆಗೆ ಕಂಡವರಲ್ಲ. ಅವರು ಕಣ್ಣು ಬಿಡುವ ಹೊತ್ತಿಗೆ ಹಾಲು ಕಾಫಿಯಾಗಿ ಲೋಟದೊಳಗೆ ಕುಳಿತಿರುತ್ತಿತ್ತು.

ಅರೆಗತ್ತಲೆಯಲ್ಲಿ ಹಾಲಿನ ಕಣ್ಣಿಯಪ್ಪನ್ ಬಂದ. ಹಿಂದೆ ಬಿಳಿ ಹಸು. ಕಂಕುಳಲ್ಲಿ, ಕಾಲು ನೇತಾಡುತ್ತಿರುವ ಕರು!

"ನಿಲ್ಲು!" ಎಂದು ಮಧ್ವರಾಜರು ಗರ್ಜಿಸಿದರು. "ಎಳೆಗರುವನ್ನು ಹೀಗಾ ಎತ್ತುವುದು? ಕೆಳಗಿಳಿಸು ಅದನ್ನು!"

ಕಣ್ಣಿಯಪ್ಪನ್ ಕೆಳಗಿಳಿಸಿದ. ಕರು ನಾಲ್ಕು ಕಾಲನ್ನೂ ಸೆಟೆದು ನಿಂತಿತು. ಹಂದಲಿಲ್ಲ, ಮಿಸುಕಲಿಲ್ಲ. ಹಸು ಮಾತ್ರ ಬಂದು ಅದರ ಬೆನ್ನು ನೆಕ್ಕತೊಡಗಿತು.

"ನೋಡು, ಹೆಜ್ಜೆ ಇಡಲೂ ಶಕ್ತಿಯಿಲ್ಲ! ಕಣ್ಣು ಕೂಡ ಪಿಳುಕಿಸುತ್ತಿಲ್ಲ! ತಾಯಿಯ ಹಾಲನ್ನೆಲ್ಲ ನೀನು ಮಾರಿಕೊಂಡರೆ ಇದಕ್ಕೆ ಎಂತ ಉಳಿಯುತ್ತದೆ?" ಮಧ್ವರಾಜರು ಒಳಗೆ ಓಡಿ ಬಾಳೆಹಣ್ಣು ತಂದು ಕರುವಿನ ಬಾಯಿಗೆ ಹಿಡಿದರು. "ತಿನ್ನು ಮಗೂ, ತಿನ್ನು. ಇನ್ನು ಹೆದರಬೇಡ, ಸರ್ಕಾರ ಉಂಟು."

"ಅದು ತಿನ್ನಾದು ಸಾಮಿ," ಎಂದ ಕಣ್ಣಿಯಪ್ಪನ್.

"ಹಸಿದು ಹಸಿದು ತಿನ್ನುವುದನ್ನೇ ಮರೆತಿದೆ!" ಮಧ್ವರಾಜರಿಗೆ ಕಣ್ಣೀರೇ ಬಂತು. ವಾತ್ಸಲ್ಯದಿಂದ ಕರುವಿನ ಹೊಟ್ಟೆ ತಡವಿದರು. ಬೆರಳು ಒಂದು ತೂತಿನೊಳಗೆ ಹೋಯಿತು. ಹೊರಗೆಳೆದರೆ ಕೈ ತುಂಬ ಒಣಹುಲ್ಲು!

ಕಣ್ಣಿಯಪ್ಪನ್ ನೆಲ ನೋಡಿದ. ಈ ಹಸುವಿನ ಕರು ಸತ್ತು ಬಹಳ ದಿನವಾಯಿತು, ಅದರ ಚರ್ಮಕ್ಕೇ ಹುಲ್ಲು ತುಂಬಿಸಿದ್ದು, ಇದು ಎದುರಿಗಿಲ್ಲದೆ ಹಸು ತೊರೆ ಬಿಡುವುದಿಲ್ಲ, ಕೆಚ್ಚಲಿಗೆ ಹಾಲಿಳಿಸುವುದಿಲ್ಲ ಎಂದು ತಮಿಳಿನಲ್ಲಿ ವಿವರಿಸಿದ. ಇಡೀ ಬೀದಿಗೆ ಗೊತ್ತಿದ್ದ ವಿಷಯ. ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದ ರತ್ನಾವತಿಯವರಿಗಂತೂ ಬಾಯಿಗೆ ಸೆರಗು ಹಿಡಿಯಬೇಕಾಯಿತು.

ಬೇರೆ ಯಾರಾದರೂ ಆಗಿದ್ದರೆ ಬಾಳೆಹಣ್ಣನ್ನು ತಾವೇ ತಿಂದು ಒಳಗೆ ಹೋಗುತ್ತಿದ್ದರು. ಆದರೆ ಎದೆಯ ಮೇಲೆ ಬಿಲ್ಲೆ ಇದ್ದವರು ಹಾಗೆ ಸೋಲುವುದುಂಟೇ?

"ಇದು ಇನ್ನೂ ಘೋರ!" ಎಂದರು ಮಧ್ವರಾಜರು. "ಹಡೆದ ತಾಯಿಗೆ ಮೋಸ! ಈ ಕರುವನ್ನು ನಾನು ಜಪ್ತಿ ಮಾಡಿದ್ದೇನೆ. ಅಧ್ಯಕ್ಷರ ಮುಂದೆ ಹಾಜರುಪಡಿಸುತ್ತೇನೆ!"

"ಹಾಲು?" ಎಂದರು ರತ್ನಾವತಿ.

"ನ್ಯಾಯ ಮೊದಲು, ಹಾಲು ಆಮೇಲೆ!"

ಹುಲ್ಲುಕರುವನ್ನು ಎತ್ತಿಕೊಂಡು ಅವರು ಒಳಗೆ ನಡೆದರು. ನ್ಯಾಯಕ್ಕೆ ತಲೆಬಾಗಿದವರೆಲ್ಲ ಹೊರಗೆ ನಿಂತರು. ತಲೆಬಾಗದೆ ಒಳಗೆ ಬಂದದ್ದು ಹಸು. ಕರು ಎಲ್ಲಿಯೋ ತಾಯಿ ಅಲ್ಲಿ! ಜಗಲಿ ಹತ್ತಿತು, ಉದ್ದನೆಯ ಓಣಿಯಂಥ ನಡುಮನೆ ದಾಟಿತು, ಒಳ ಅಂಗಳದಲ್ಲಿ ಬಂದು ನಿಂತು, ಕರುವನ್ನು ನೆಕ್ಕಿ, ತೃಪ್ತಿಯಿಂದ ಸಗಣಿ ಹಾಕಿತು.

"ಹೊರಗೆ ಹೊಡಿ ಇದನ್ನು!" ಎಂದು ಮಧ್ವರಾಜರು ಕೂಗಿದರು.

ಕಣ್ಣಿಯಪ್ಪನ್ ಗೇಟಿನ ಬೋರ್ಡಿನ ಕಡೆ ತೋರಿಸಿ ಕೈ ಮುಗಿದ. "ಹೊಡೀಬಾರದು ಸಾಮಿ. ಎಳೀಬಾರದು. ಬಾಲ ಮುಟ್ಟಬಾರದು. ಬಯ್ಯೋಕೂ ಬಾರದು. ಸಟ್ಟಂ!" ಸಟ್ಟಂ ಎಂದರೆ ಕಾನೂನು. ಅಷ್ಟು ಹೇಳಿ, ಜಗಲಿಯ ಮೇಲೆ ಕಾಲು ಚಾಚಿ ಬೀಡಿ ಹಚ್ಚಿದ.

ಮಧ್ವರಾಜರು ಹಸುವನ್ನು ವಿನಂತಿಸಿಕೊಂಡರು. ಅದು ಕಿವಿ ಅಲ್ಲಾಡಿಸಿತು. ಅಧ್ಯಕ್ಷರಿಗೆಂದು ಮಾಡಾ ಬೀದಿಯಿಂದ ತಂದಿಟ್ಟಿದ್ದ ಮಲ್ಲಿಗೆ ಹಾರ ಅದರ ಕಣ್ಣಿಗೆ ಬಿತ್ತು. ಹಾರ ಮುಗಿಯಿತು. ಪಕ್ಕದಲ್ಲೇ ಡಬ್ಬದಲ್ಲಿ, ವನಮಹೋತ್ಸವದಲ್ಲಿ ಸರ್ಕಾರ ಹಂಚಿದ್ದ ಸಸಿ. ಮಧ್ವರಾಜರೇ ನೀರೆರೆದು, ಅಧ್ಯಕ್ಷರಿಗೆ ತೋರಿಸಲೆಂದು ಒಳಗೆ ತಂದಿಟ್ಟದ್ದು. ಒಂದು ಇಲಾಖೆ ಕಾಪಾಡಿದ ಹಸು ಇನ್ನೊಂದು ಇಲಾಖೆ ಕೊಟ್ಟ ಸಸಿಯನ್ನು ಬುಡಸಮೇತ ತಿಂದುಹಾಕಿತು. ಮಧ್ವರಾಜರು ಯಾವ ಕಡೆ ನಿಲ್ಲಬೇಕು ಹೇಳಿ!

ಅಷ್ಟರಲ್ಲಿ ಮೇಲಿನಿಂದ ಮನೆಯೊಡತಿ ವೆಂಕಟಲಕ್ಷ್ಮಿ ಅಮ್ಮಾಳ್ ಖಾಲಿ ಚೊಂಬು ಹಿಡಿದು ಇಳಿದರು. ಹೊಟ್ಟೆಗೆ ಕಾಫಿ ಬೀಳುವವರೆಗೆ ಅವರ ಎದುರಿಗೆ ಯಾರೂ ನಿಲ್ಲುವುದಿಲ್ಲ. ಹಿಂದೆ ಬೀದಿಯ ಚೊಂಬುಗಳೆಲ್ಲ ಸಾಲುಗಟ್ಟಿದ್ದವು. "ಪಾಲು ಎಂಗೇ?" ಎಂದರು ಅವರು. ಹಾಲೆಲ್ಲಿ ಎಂಬ ಎರಡೇ ಮಾತು. ಆದರೆ ಬಾಡಿಗೆ ಮನೆಯಲ್ಲಿರುವವರಿಗೆ ಆ ದನಿಯಲ್ಲಿ ಇನ್ನೂ ಏನೇನೋ ಕೇಳಿಸುತ್ತದೆ.

"ಎಂತ ಮಾರಾಯ್ರೆ ಇದು!" ಎಂದು ರತ್ನಾವತಿ ಈಗ ನಿಜವಾಗಿಯೂ ರೇಗಿದರು. "ಸತ್ತ ಕರುವನ್ನು ಮನೆಯೊಳಗೆ ತಂದಿರಿ. ಬದುಕಿದ ಹಸುವನ್ನೂ ತಂದಿರಿ. ಬೀದಿಯಲ್ಲಿ ಒಂದು ತೊಟ್ಟು ಹಾಲಿಲ್ಲ. ಜಡ್ಜರಿಗೆ ಎಂತ ಕೊಡುವುದು, ಬರೀ ಡಿಕಾಕ್ಷನ್ನಾ? ಸದಾನಂದನ ಹೋಟೆಲಿಗೆ ಹೋಗಿ ಹಾಲು ಕೇಳಿ ಬರ್ತೀರಾ?"

ಈ ಕೊನೆಯ ಮಾತು ಚುಚ್ಚಿತು. ಸೀಟಿ ಸದಾನಂದನ ಕೊರಳಿನಲ್ಲಿ ತೂಗಾಡುವುದು ಮಧ್ವರಾಜರ ಕಣ್ಣಿಗೆ ಕಟ್ಟಿತು.

"ಏನಾದರೂ ಒಂದು ಉಪಾಯ ಹೇಳು ಮಾರಾಯ್ತಿ!"

"ಉಪಾಯ ಎಂತದು? ಕರು ಬಂದದ್ದಕ್ಕೆ ಹಸು ಬಂತು. ಕರು ಹೋದರೆ ಹಸುವೂ ಹೋಗ್ತದೆ. ಎತ್ತಿಕೊಂಡು ನಡೀರಿ!"

ಮಧ್ವರಾಜರು ಕರುವನ್ನು ಎತ್ತಿಕೊಂಡರು. ಕೈಯಲ್ಲಿ ಹಿಡಿದರೆ ಜಾರುತ್ತದೆ, ಹೆಗಲಿಗೇರಿಸಿದರೆ ಹುಲ್ಲು ಉದುರುತ್ತದೆ. ಕಡೆಗೆ ಕಂಕುಳಲ್ಲೇ ಸಿಕ್ಕಿಸಿಕೊಳ್ಳಬೇಕಾಯಿತು, ಕಾಲು ನೇತಾಡುವಂತೆ, ಥೇಟ್ ಕಣ್ಣಿಯಪ್ಪನ್‌ನ ಹಾಗೆಯೇ! ಹಿಂದೆ ಹಸು. ಅದರ ಹಿಂದೆ ಚೊಂಬುಗಳ ಮೆರವಣಿಗೆ. ಈ ವೈಭವದಲ್ಲಿ ಬಾಗಿಲು ದಾಟಿದಾಗ ಎದುರಿಗೆ ಕಾರಿನಿಂದ ಇಳಿದು ನಿಂತಿದ್ದರು ರಘುರಾಮ ರಾಯರು. ಹೇಳಿದ ಹೊತ್ತಿಗಿಂತ ಮೊದಲೇ!

ಮಧ್ವರಾಜರು ಗಕ್ಕನೆ ಹಿಂದಕ್ಕೆ ತಿರುಗಿದರು. ಓಡಿಹೋಗೋಣವೆಂದರೆ ಹಿಂದೆ ಹಸು.

ರಾಯರು ಕಣ್ಣು ಕಿರಿದು ಮಾಡಿ ನೋಡಿದರು. ಮುಖ ಅರಳಿತು. "ಆಹಾ! ಮಧ್ವರಾಜರೇ! ಗೋಮಾತೆಗೆ ಮನೆಯೊಳಗೇ ಆಶ್ರಯ ಕೊಟ್ಟಿದ್ದೀರಾ? ಕರುವನ್ನು ಮಗುವಿನ ಹಾಗೆ ಎತ್ತಿಕೊಂಡಿದ್ದೀರಲ್ಲಾ! ನಾನು ಎಷ್ಟೋ ಜನ ದಯಾಳುಗಳನ್ನು ನೋಡಿದ್ದೇನೆ. ಎಲ್ಲರೂ ಭಾಷಣ ಮಾಡೋರೇ ಹೊರತು ಎತ್ತಿಕೊಂಡೋರು ಒಬ್ಬರೂ ಇಲ್ಲ!"

"ಅದು... ಸಾರ್... ಈ ಕರು ಇದೆಯಲ್ಲ..."

"ಎಷ್ಟು ಸಾಧು ಕಣ್ರೀ ಇದು! ಒಂಚೂರೂ ಒದೀತಾ ಇಲ್ಲ!" ರಾಯರು ಕರುವಿನ ತಲೆ ಸವರಿದರು. ಬೆನ್ನು ಸವರಿದರು. ಅಂಗೈಗೆ ಹುಲ್ಲು ಅಂಟಿತು. ಕಣ್ಣಿನ ಹತ್ತಿರ ಹಿಡಿದು ನೋಡಿದರು. ಮಧ್ವರಾಜರು ಕಣ್ಣು ಮುಚ್ಚಿಕೊಂಡರು.

"ಒಳ್ಳೆ ಮೇವು ಹಾಕ್ತಿದ್ದೀರಿ!" ಎಂದರು ರಾಯರು.

ಈಗಲಾದರೂ ನಿಜ ಹೇಳಿಬಿಡಬೇಕು ಎಂದು ಮಧ್ವರಾಜರು ಬಾಯಿ ತೆರೆದರು. ಆದರೆ ಆ ಹೊತ್ತಿಗೆ ರಾಯರ ಕೈ ಜೇಬಿಗೆ ಹೋಗಿತ್ತು. ಹೊರಗೆ ಬಂದದ್ದು ಕೆಂಪು ದಾರ. ದಾರದ ತುದಿಗೆ ಫಳಫಳ ಹೊಳೆಯುವ ಸೀಟಿ! ಅದು ಕೊರಳಿಗೆ ಬಿದ್ದ ಕೂಡಲೇ ನಿಜ ಗಂಟಲಲ್ಲೇ ಉಳಿಯಿತು. ಚೊಂಬು ಹಿಡಿದವರೆಲ್ಲ ಚಪ್ಪಾಳೆ ತಟ್ಟಿದರು. ಅವರಿಗೆ ಬೇಕಾಗಿದ್ದದ್ದು ಹಾಲು. ಆದರೆ ಚಪ್ಪಾಳೆ ಚಪ್ಪಾಳೆಯೇ ತಾನೆ! ಮಧ್ವರಾಜರ ಎದೆ ಬಿಲ್ಲೆ ಹಾರಿಹೋಗುವಷ್ಟು ಉಬ್ಬಿತು.

ರತ್ನಾವತಿ ತಂಬಿಗೆ ಮುಂದೆ ಚಾಚಿದರು. ಕಣ್ಣಿಯಪ್ಪನ್ ಬೀಡಿ ಎಸೆದು ಕುಕ್ಕರಗಾಲಲ್ಲಿ ಕುಳಿತ. ತಾಯಿಗೆ ಮೋಸ ಎಂದು ಗುಡುಗಿದ್ದ ಮಹಾನುಭಾವರೇ ಹುಲ್ಲುಕರುವನ್ನು ಹಸುವಿನ ಮೂತಿಗೆ ಹಿಡಿದು ನಿಂತರು. ಹಸು ಕರುವನ್ನು ನೆಕ್ಕಿತು, ಮಧ್ವರಾಜರ ಕೈಯನ್ನು ನೆಕ್ಕಿತು, ಧಾರಾಳವಾಗಿ ತೊರೆ ಬಿಟ್ಟಿತು. ಚೊಂಬುಗಳೆಲ್ಲ ತುಂಬಿದವು. ವೆಂಕಟಲಕ್ಷ್ಮಿ ಅಮ್ಮಾಳ್ ಮೆಟ್ಟಿಲೇರಿದರು. ರಾಯರು ಎರಡು ಲೋಟ ಕಾಫಿ ಕುಡಿದು, "ಹಾಲು ಅಂದರೆ ಇದು! ಕರು ಸುಖವಾಗಿದ್ದರೇನೇ ಇಂಥ ಹಾಲು ಬರೋದು," ಎಂದು ತೀರ್ಪು ಕೊಟ್ಟರು.

ಕಾರು ಹತ್ತಿದ ಮೇಲೆ ತಲೆ ಹೊರಗೆ ಹಾಕಿ ಇನ್ನೊಂದು ಮಾತು ಸೇರಿಸಿದರು. "ಕರು ಸ್ವಲ್ಪ ಬಡವಾಗಿದೆ, ಮಧ್ವರಾಜರೇ. ಪರವಾಗಿಲ್ಲ, ನೀವಿದ್ದೀರಿ. ಪ್ರತಿ ತಿಂಗಳು ಕಮಿಟಿಯವರನ್ನೂ ಕರಕೊಂಡು ಬರ್ತೀನಿ. ಎಷ್ಟು ಬೆಳೆದಿದೆ ಅಂತ ಎಲ್ಲರೂ ನೋಡಲಿ!"

"ಅವಶ್ಯ, ಸಾರ್, ಅವಶ್ಯ!" ಎಂದರು ಮಧ್ವರಾಜರು. ಏನು ಒಪ್ಪಿಕೊಂಡೆ ಎಂದು ಹೊಳೆಯಲೇ ಇಲ್ಲ. ಗಮನವೆಲ್ಲ ಸೀಟಿಯ ಮೇಲೆ! ಕಾರು ತಿರುವಿನಲ್ಲಿ ಮರೆಯಾಗುತ್ತಲೂ ಗೇಟಿನ ಮುಂದೆ ನಿಂತು, ಟಿ. ನಗರದ ಸದಾನಂದನಿಗೂ ಕೇಳಿಸಲೆಂದು, ಉಸಿರು ಕಟ್ಟಿ ಊದಿದರು. ಬೀದಿಯ ತುದಿಯಲ್ಲಿ ಒಂದು ಎತ್ತಿನ ಗಾಡಿ ಗಕ್ಕನೆ ನಿಂತೇಬಿಟ್ಟಿತು. ಆಹಾ, ಜನ್ಮ ಸಾರ್ಥಕ!

"ರತ್ನಾ! ನೋಡಿದೆಯಾ? ನಿಂತಿತು!"

ರತ್ನಾವತಿ ಜಗಲಿಗೆ ಬಂದು ಒಂದು ಕಟ್ಟು ಒಣಹುಲ್ಲು, ಹುರಿದಾರ, ಗೋಣಿಸೂಜಿ ಗಂಡನ ಮುಂದೆ ಇಟ್ಟರು.

"ಊದಿದ್ದು ಸಾಕು, ಇನ್‌ಸ್ಪೆಕ್ಟರ್ ಸಾಹೇಬ್ರೆ. ಕೂತುಕೊಳ್ಳಿ. ಬರುವ ತಿಂಗಳು ಅವರು ಬರುವಾಗ ಕರು ಬೆಳೆದಿರಬೇಕಲ್ಲ? ಈಗ ಹೊಟ್ಟೆಗೆ ಸ್ವಲ್ಪ ತುಂಬಿಸಿ ಹೊಲಿಯಿರಿ. ಕೊಂಬಿಗೆ ಎಂತ ಮಾಡುವುದು ಅಂತ ಆಮೇಲೆ ನೋಡುವ!"