ರಕ್ತ ಕುಡಿಯುವ ದೊರೆ ವಾಡಿಯಲ್ಲಿ ಇಳಿದದ್ದು

ಎರಡು ಕಡೆಯ ರೈಲು ಕೂಡುವ ಊರಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಗಾಡಿ ಬದಲಿಸುವ ಅವಸರದಲ್ಲಿ ಜನ ಕೊಡೆ ಮರೆಯುತ್ತಾರೆ, ಬುತ್ತಿ ಮರೆಯುತ್ತಾರೆ. ಒಬ್ಬಾತ ಅತ್ತೆಯನ್ನೇ ಬೆಂಚಿನ ಮೇಲೆ ಬಿಟ್ಟು ಹೋಗಿದ್ದ; ಮರೆತು ಬಿಟ್ಟನೋ ನೆನಪಿಟ್ಟು ಬಿಟ್ಟನೋ ನಮಗೆ ಇವತ್ತಿಗೂ ತಿಳಿಯದು. ನಿಜಾಮರ ಕಾಲದಲ್ಲಿ ನಾನು ವಾಡಿ ಸ್ಟೇಶನ್ನಿನಲ್ಲಿ ತಾರು ಬಡಿಯುವ ಬಾಬು ಆಗಿದ್ದೆ. ನಮ್ಮಲ್ಲಿ ಇಳಿದವರೆಲ್ಲ ಮುಂದಿನ ಗಾಡಿಗೆ ಹೋಗೇ ಹೋಗುತ್ತಿದ್ದರು. ಹೋಗದೆ ಉಳಿದವನು ಒಬ್ಬನೇ, ಅವನೂ ಪುಸ್ತಕದೊಳಗಿನವನು.

ಸಾಹೇಬ ಬಿಟ್ಟ ಪುಸ್ತಕ

ಮುಂಬೈ ಗಾಡಿಯಿಂದ ಇಳಿದು ಹೈದರಾಬಾದಿನ ಗಾಡಿ ಹತ್ತಲಿದ್ದ ಒಬ್ಬ ಬಿಳಿ ಸಾಹೇಬ ನನ್ನ ಕಿಟಕಿಗೆ ಬಂದು ದಪ್ಪ ಇಂಗ್ಲಿಷ್ ಪುಸ್ತಕವೊಂದನ್ನು ಒಳಗೆ ತಳ್ಳಿದ. "ನೀನೇ ಇಟ್ಟುಕೋ. ಇದು ಗಾಡಿಯ ಡಬ್ಬಿಯಲ್ಲಿದ್ದರೆ ನನಗೆ ನಿದ್ದೆ ಬರುವುದಿಲ್ಲ" ಎಂದ. ನೋಡಿದರೆ, ಸತ್ತರೂ ಸಾಯದ ಒಬ್ಬ ದೊರೆಯ ಕತೆ. ಹಗಲೆಲ್ಲ ಹೆಣದ ಪೆಟ್ಟಿಗೆಯಲ್ಲಿ ಮಲಗುತ್ತಾನೆ, ಹೊತ್ತು ಮುಳುಗಿದರೆ ಎದ್ದು ಹರೆಯದವರ ಕುತ್ತಿಗೆಗೆ ಹಲ್ಲು ಹಾಕಿ ರಕ್ತ ಕುಡಿಯುತ್ತಾನೆ.

ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಸಂಜೆ ಎರಡು ಗಾಡಿಗಳ ನಡುವಿನ ಬಿಡುವಿನಲ್ಲಿ, ಬೇವಿನ ಗಿಡದ ಕೆಳಗಿನ ಬೆಂಚಿನ ಮೇಲೆ ದಿನಾ ಇಷ್ಟಿಷ್ಟು ಹೇಳತೊಡಗಿದೆ. ದೊರೆಯ ಕೋಟೆ ಹೇಗಿತ್ತು ಎಂದು ಯಾರೋ ಕೇಳಿದರು. ನಮ್ಮ ಮಳಖೇಡದ ಕೋಟೆ ಇದ್ದ ಹಾಗೆ ಎಂದುಬಿಟ್ಟೆ. ವಾರದೊಳಗೆ ಸೇಡಂ ಕಡೆ ಹೋಗುವ ಮಂದಿ ಮಳಖೇಡ ಹತ್ತಿರ ಬಂದ ಕೂಡಲೇ ಕಿಟಕಿ ಮುಚ್ಚಿಕೊಂಡು ಕೂಡತೊಡಗಿದರು. ಆ ಊರಿನಲ್ಲಿ ಇಳಿಯಬೇಕಾದವರೂ ಮುಚ್ಚಿಕೊಂಡು ಕೂತು ಸೇಡಮ್ಮಿನಲ್ಲಿ ಇಳಿದರು.

ಹೆಣಕ್ಕೆ ಯಾವ ಟಿಕೀಟು

ಕತೆ ಕೇಳುವವರಲ್ಲಿ ಮುಂದಿನ ಸಾಲಿನವರು ಇಬ್ಬರು. ಒಬ್ಬರು ಚಿತ್ತಾಪುರದ ಕಡೆಯವರಾದ ನಮ್ಮ ಸ್ಟೇಶನ್ನಿನ ಗೂಡ್ಸ್ ಬಾಬು, ವಿಭೂತಿ ತಪ್ಪದ ಶಿವಭಕ್ತರು. ಇನ್ನೊಬ್ಬರು ಶಹಾಬಾದಿನ ಟಿಕೀಟು ಕಲೆಕ್ಟರ್ ಸಾಹೇಬರು, ನಮಾಜು ತಪ್ಪದವರು. ದೊರೆ ತನ್ನ ಪೆಟ್ಟಿಗೆಯೊಳಗೆ ಮಲಗಿ ಪರದೇಶಕ್ಕೆ ಹೊರಟ ಭಾಗ ಬಂದಾಗ ಗೂಡ್ಸ್ ಬಾಬು ಕೈ ಎತ್ತಿ ಕತೆ ನಿಲ್ಲಿಸಿದರು.

"ತಡೀರಿ ತಾರಬಾಬು. ಪೆಟ್ಟಗಿ ಯಾವ ಲೆಕ್ಕದಾಗ ಬುಕ್ ಮಾಡ್ಯಾರ? ಹೆಣ ಅಂದ್ರ ಡಾಕ್ಟರನ ಚೀಟಿ ಬೇಕು. ಸಾಮಾನ ಅಂದ್ರ ಒಳಗೇನದ ಅಂತ ಬರೀಬೇಕು."

"ಬುಕಿಂಗ್ ಬಿಡ್ರಿ ಬಾಬು" ಎಂದರು ಕಲೆಕ್ಟರ್ ಸಾಹೇಬರು. "ಹತ್ತುವಾಗ ಹೆಣ, ಖರೆ. ಇಳಿಯುವಾಗ ನಡಕೊಂಡು ಹೋಗ್ಯಾನಲ್ಲ? ಅಂದ್ರ ಮನುಷ್ಯಾ. ಗೇಟಿನ್ಯಾಗ ಟಿಕೀಟು ಯಾರು ಕೇಳಿದ್ರು?"

ಯಾರೂ ಕೇಳಲಿಲ್ಲ ಎಂದೆ. ಸಾಹೇಬರ ಮುಖ ಕೆಂಪಾಯಿತು. ಅಲ್ಲಿಯವರೆಗೆ ಅಷ್ಟು ಮಂದಿಯ ರಕ್ತ ಕುಡಿದಿದ್ದ ದೊರೆಯ ಮೇಲೆ ಅವರಿಗೆ ಅಂಥ ಸಿಟ್ಟೇನೂ ಇರಲಿಲ್ಲ. ಈಗ ಎದ್ದು ನಿಂತು, "ಬದ್ಮಾಶ್! ಬಿನಾ ಟಿಕೀಟು ಓಡಾಡ್ತಾನ!" ಎಂದರು.

ಅವ್ವ ತೆಗೆದ ದೃಷ್ಟಿ

ಸ್ಟೇಶನ್ನಿನಲ್ಲಿ ಹೇಳಿದ್ದನ್ನು ಮನೆಯಲ್ಲಿ ಊಟಕ್ಕೆ ಕೂತಾಗ ಇನ್ನೊಮ್ಮೆ ಹೇಳಬೇಕಾಗುತ್ತಿತ್ತು. ಮನೆಯಲ್ಲಿ ಅವ್ವ, ನಾನು, ಲಗ್ನದ ವಯಸ್ಸಿಗೆ ಬಂದ ತಂಗಿ, ಇಷ್ಟೇ. ಅಪ್ಪ ಇರಲಿಲ್ಲ. ತಂಗಿಗೆ ಬಂದ ಎರಡು ಸಂಬಂಧಗಳು ಮಾತುಕತೆಯ ಹಂತದಲ್ಲೇ ಮುರಿದಿದ್ದವು. ಅವ್ವನಿಗೆ ಹಗಲೂ ರಾತ್ರಿ ಅದೇ ಚಿಂತೆ. ಆ ಚಿಂತೆ ಮರೆಸಿದವನು ಅಂದರೆ ಈ ದೊರೆ. ನಾನು ಕೈ ತೊಳೆಯುವ ಮೊದಲೇ, "ಎಲ್ಲಿತನ ಬಂದಾನ ನಿಮ್ಮ ದೊರಿ?" ಎಂದು ಕೇಳುತ್ತಿದ್ದಳು.

ಕತೆಯಲ್ಲಿ ಒಬ್ಬ ಹುಡುಗಿ ದಿನದಿಂದ ದಿನಕ್ಕೆ ಬೆಳ್ಳಗಾಗಿ ಹಾಸಿಗೆ ಹಿಡಿದಳು. ಅವ್ವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಆಕಿ ತಾಯಿ ಏನ್ ಮಾಡ್ಲಿಕತ್ತಾಳ?"

"ಡಾಕ್ಟರನ್ನ ಕರಸ್ಯಾಳವ್ವಾ."

"ಡಾಕ್ಟರಗೇನ್ ತಿಳೀತದ! ದೃಷ್ಟಿ ತಗೀಬಾರದ? ತಡಿ, ನಾನೇ ತಗೀತೀನಿ."

ಒಣಮೆಣಸಿನಕಾಯಿ, ಉಪ್ಪು ಮುಷ್ಟಿಯಲ್ಲಿ ಹಿಡಿದು, ಮುಚ್ಚಿದ ಪುಸ್ತಕಕ್ಕೆ ಇಳಿದೆಗೆದು ಒಲೆಗೆ ಹಾಕಿದಳು. ಘಾಟಿಗೆ ನಾವು ಮೂವರೂ ಕೆಮ್ಮುತ್ತಾ ಅಂಗಳಕ್ಕೆ ಓಡಿದೆವು. ಮರುದಿನ ಮುಂದಿನ ಭಾಗ ಓದುತ್ತೇನೆ, ಆ ಹುಡುಗಿ ಹಾಸಿಗೆಯಲ್ಲಿ ಎದ್ದು ಕೂತು ಹಾಲು ಕುಡಿಯುತ್ತಿದ್ದಾಳೆ! ಅವ್ವನಿಗೆ ಹೇಳಿದೆ. ಆಕೆಗೇನೂ ಆಶ್ಚರ್ಯವಾಗಲಿಲ್ಲ.

"ಮತ್ತ? ಬರದಾಂವ ನನ್ನ ಹೆಸರು ಹಾಕ್ಯಾನೇನು, ನೋಡು" ಎಂದಳು.

ಹೊಸ್ತಿಲ ಕಾನೂನು

ದೊರೆಗೆ ಬೆಳ್ಳುಳ್ಳಿ ಕಂಡರೆ ಆಗದು ಎಂದು ಹೇಳಿದ ದಿನ ಯಾರೂ ಹೆದರಲಿಲ್ಲ. "ಹಂಗಂದ್ರ ಅಂವ ಈ ಸೀಮಿಗೆ ಬರೂ ಪೈಕಿ ಅಲ್ಲ. ಬಂದ್ರ ಬಳ್ಳೊಳ್ಳಿ ಹಾಕಿದ ಶೇಂಗಾಹಿಂಡಿ ವಾಸನಿಗೇ ಸಾಯ್ತಾನ" ಎಂದು ಗೂಡ್ಸ್ ಬಾಬು ಧೈರ್ಯ ಹೇಳಿದರು. ಎಲ್ಲರನ್ನೂ ಹಿಡಿದು ಅಲ್ಲಾಡಿಸಿದ್ದು ಬೇರೆ ಮಾತು: ಮನೆಯವರು ಒಳಗೆ ಬಾ ಎಂದು ಕರೆಯದೆ ಅವನು ಹೊಸ್ತಿಲು ದಾಟಲಾರ. ಒಮ್ಮೆ ಕರೆದರೆ ಮುಗಿಯಿತು.

ಹೊರಗೆ ನೆರಳು ಕಂಡರೆ ಸಾಕು, "ಬರ್ರಿ, ಬರ್ರಿ, ಕುಂದ್ರಿ" ಎನ್ನುವ ಮಂದಿ ನಾವು. ಬಂದವರು ಯಾರು ಎಂದು ಕೇಳುವುದು ನೀರು ಕೊಟ್ಟ ಮೇಲೆ. ಅಂಥವರ ಬಾಯಿಗೆ ಬೀಗ ಬಿತ್ತು. ಕರೆಯದೆ ತಾನಾಗಿ ಒಳಗೆ ಬಂದರೆ ಮನುಷ್ಯ, ಇಲ್ಲದಿದ್ದರೆ ಅವನೇ ಎಂದು ತೀರ್ಮಾನವಾಯಿತು. ಆದರೆ ಬರುವವರೂ ನಮ್ಮ ಸೀಮೆಯವರೇ ಅಲ್ಲವೇ? ಕರೆಯದೆ ಒಳಗೆ ಕಾಲಿಡುವ ಮರ್ಯಾದೆಗೇಡಿಗಳು ಯಾರೂ ಇರಲಿಲ್ಲ. ಶಹಾಬಾದಿನ ಹಾಸುಗಲ್ಲಿನ ವ್ಯಾಪಾರಿಯೊಬ್ಬರು ಗೂಡ್ಸ್ ಆಫೀಸಿನ ಬಾಗಿಲಲ್ಲಿ ನಿಂತರು. ಬಾಬು ಕರೆಯಲಿಲ್ಲ, ಅವರು ದಾಟಲಿಲ್ಲ. ಮೈಮೇಲೆಲ್ಲ ಬಿಳಿ ಕಲ್ಲಿನ ಧೂಳು ಬೇರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದಂತೆ ಗೂಡ್ಸ್ ಗಾಡಿ ಕಲ್ಲಿಲ್ಲದೆ ಹೊರಟುಹೋಯಿತು.

ಬೀಗರು ಬಂದ ಸಂಜೆ

ಅಷ್ಟರಲ್ಲಿ ನಾಲವಾರದಿಂದ ಮೂರನೆಯ ಸಂಬಂಧ ಬಂತು. ಹುಡುಗ ಸಾಲಿ ಮಾಸ್ತರ, ಒಳ್ಳೆಯ ಮನೆತನ. ಹುಡುಗನ ತಂದೆ ತಾವೊಬ್ಬರೇ ಬಂದು ಹುಡುಗಿಯನ್ನು ನೋಡಿ ಮಾತು ಮುಗಿಸುವವರಿದ್ದರು. ಇದೂ ತಪ್ಪಿದರೆ ಹುಡುಗಿಯಲ್ಲೇ ಏನೋ ಐಬು ಇದೆ ಎಂದು ಊರು ಆಡಿಕೊಳ್ಳುತ್ತದೆ ಎಂಬ ಹೆದರಿಕೆ ಅವ್ವನಿಗೆ. ನಿಜ ಹೇಳಬೇಕೆಂದರೆ ನನಗೂ ಅಷ್ಟೇ ಹೆದರಿಕೆ.

ಮಧ್ಯಾಹ್ನ ಬರಬೇಕಾದ ಗಾಡಿ ತಡವಾಗಿ ಹೊತ್ತು ಮುಳುಗುವಾಗ ಬಂತು. ನನಗೆ ಡ್ಯೂಟಿ. ಬಿಡಿಸಿಕೊಂಡು ಮನೆಗೆ ಓಡಿ ಬರುವಷ್ಟರಲ್ಲಿ ಬೀಗರು ನಮ್ಮ ಬಾಗಿಲ ಮುಂದೆ ನಿಂತಿದ್ದರು. ತಾಳೆಮರದಂಥ ಎತ್ತರ, ಹಾಲಿನಂಥ ಬಣ್ಣ, ಮೈತುಂಬ ಕರಿ ಶಾಲು, ಎಲಿಅಡಿಕಿ ಹಾಕಿ ಕೆಂಪಾದ ಬಾಯಿ. ಹೊಸ್ತಿಲ ಒಳಗೆ ಅವ್ವ, ಬಾಗಿಲ ಎರಡೂ ಕಡೆ ಕೈ ಚಾಚಿ ನಿಂತಿದ್ದಳು.

"ಭಾಳ ದೂರದಿಂದ ಬಂದೀರಿ" ಎನ್ನುತ್ತಿದ್ದಳು ಅವ್ವ.

"ಹೌದ್ರಿ ಅಕ್ಕಾರ."

"ದಣಿದೀರಿ."

"ದಣಿದೀನ್ರಿ."

"ಮತ್ತ, ನಿಮಗ ಹ್ಯಾಂಗ ಅನಸ್ತದ ಹಂಗ ಮಾಡ್ರಿ."

ಬೀಗರು ಕಾಲು ತೊಳೆದಾಗಿತ್ತು. ತೊಳೆದ ಕಾಲು ಒಣಗಿಯೂ ಆಗಿತ್ತು. ಅವ್ವ ಒಳಗಿನಿಂದಲೇ ಕೈ ಚಾಚಿ ಒಂದು ಕನ್ನಡಿ ಕೊಟ್ಟಳು. ದೊರೆಯ ಮುಖ ಕನ್ನಡಿಯಲ್ಲಿ ಮೂಡುವುದಿಲ್ಲ ಎಂದು ಹಿಂದಿನ ದಿನವಷ್ಟೇ ನಾನು ಹೇಳಿದ್ದೆ. ಬೀಗರು ಪಾಪ, ಮುಖದ ಮೇಲೆ ಇಂಜಿನ್ನಿನ ಮಸಿ ಏನಾದರೂ ಇದೆಯೋ ಎಂದು ಒರೆಸಿಕೊಂಡರು. ಕತ್ತಲಾಗುತ್ತಿತ್ತು, ಅವ್ವ ಬಗ್ಗಿ ಬಗ್ಗಿ ನೋಡಿದರೂ ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಆಕೆ ಇನ್ನೂ ಗಟ್ಟಿಯಾಗಿ ಬಾಗಿಲು ಹಿಡಿದಳು.

ಬೀಗರ ಮುಖ ಬಿಗಿಯಿತು. ಶಾಲು ಸರಿ ಮಾಡಿಕೊಂಡು, "ಆತ್ರಿ. ನಿಮಗ ಮನಸಿಲ್ಲ ಅಂತ ತಿಳೀತು" ಎಂದು ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ, ಬೀಗರ ಮುಂದೆ ದನಿ ಎತ್ತಬಾರದ ತಂಗಿ, ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಮಾವಾರ, ಒಳಗ ಬರ್ರಿ! ಉಪ್ಪಿಟ್ಟು ಆರಲಿಕತ್ತದ!"

"ಅಯ್ಯಯ್ಯ, ಕರದಬಿಟ್ಳಲ್ಲೋ!" ಎಂದು ಅವ್ವ ಗೋಡೆಗೆ ಒರಗಿದಳು.

ಬೀಗರು ಒಳಗೆ ಬಂದರು. ಕಂಬಳಿಯ ಮೇಲೆ ಕೂತು, "ಈ ಮನ್ಯಾಗ ರೀತಿ ರಿವಾಜು ತಿಳಿದಾಕಿ ಈಕಿ ಒಬ್ಬಾಕಿನೇ ಏನು?" ಎಂದು ಕೇಳಿದರು. ಇನ್ನು ಮುಚ್ಚಿಟ್ಟು ಉಪಯೋಗವಿರಲಿಲ್ಲ. ನಾನು ಪುಸ್ತಕ, ಹೊಸ್ತಿಲು, ಕನ್ನಡಿ ಎಲ್ಲ ಹೇಳಿ ಕೈ ಮುಗಿದೆ. ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಮುಂದಕ್ಕೆ ಸರಿದು ಕೂತರು.

"ಸತ್ತ ದೊರಿ? ಎದ್ದು ಬರ್ತಾನ? ಮೊದಲಿಂದ ಹೇಳ್ರಿ."

ಮೊದಲಿನಿಂದ ಹೇಳಿದೆ. ತಂಗಿ ಉಪ್ಪಿಟ್ಟು ತಂದಿಟ್ಟು ಎದುರಿಗೆ ಕೂತಳು. ಅವರು ಆಕೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಎದ್ದು ಹೋದಳು, ಅದನ್ನೂ ನೋಡಲಿಲ್ಲ. ವಾಪಸು ಹೋಗುವ ಗಾಡಿ ಸೀಟಿ ಹಾಕಿ ಹೋಯಿತು. ದೊರೆಯ ಬೆನ್ನು ಹತ್ತಿದವರು ಕೊನೆಗೆ ಅವನ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದರು ಎನ್ನುವಲ್ಲಿಗೆ ಅವ್ವನಿಗೆ ತಡೆಯಲಾಗಲಿಲ್ಲ.

"ನಿಂದ್ರಲೋ! ಅಣ್ಣಾರ, ಮೊದಲ ಲಗ್ನದ ಮಾತು ಹೇಳ್ರಿ. ಹುಡುಗಿ ಒಪ್ಪಿಗಿ ಅದಾಳೋ ಇಲ್ಲೋ?"

"ಅದಾಳ್ರಿ, ಅದಾಳ್ರಿ! ಲಗ್ನ ಆತು ಅಂತ ತಿಳೀರಿ" ಎಂದರು ಬೀಗರು, ಕಣ್ಣು ನನ್ನ ಮೇಲಿಂದ ತೆಗೆಯದೆ.

ಅವ್ವ ಮಾತು ತಿರುಗುವುದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಮಾತು ಗಟ್ಟಿಯಾಯಿತೆಂದು ಮುಷ್ಟಿ ತುಂಬ ಸಕ್ಕರೆ ತಂದು ಅವರ ತೆರೆದ ಬಾಯಿಗೆ ಹಾಕಿದಳು. ಒಳಮನೆಯಲ್ಲಿ ತಂಗಿಯ ಬಳೆಗಳು ಸದ್ದು ಮಾಡಿದವು, ನಾನು ಕತೆ ಬಿಟ್ಟು ಅತ್ತ ತಿರುಗಿದೆ. ಬೀಗರು ಸಕ್ಕರೆ ಉಗುಳುವಂತಿಲ್ಲ, ನುಂಗಲು ಪುರಸತ್ತಿಲ್ಲ. ಬಾಯಿ ತುಂಬಿಕೊಂಡೇ ನನ್ನ ತೋಳು ಹಿಡಿದು ಅಲ್ಲಾಡಿಸಿದರು.

"ಸಕ್ಕರಿ ಆತಲ್ಲೋ ತಮ್ಮಾ! ಇನ್ನರೆ ಹೇಳು, ಪೆಟ್ಟಗ್ಯಾಗ ಅದಾನೋ ಇಲ್ಲೋ?"