ಕಂಪ್ಯೂಟರಿನ ಕಸ ಹೊಡೆಯುವ ನನ್ನ ಮೈದುನ

ನನ್ನ ಮೈದುನ ಹುಟ್ಟಿದಂದಿನಿಂದ ಇವತ್ತಿನವರೆಗೆ ಮನೆಯಲ್ಲಿ ಒಂದು ಸಲವೂ ಕಸಬರಿಗೆ ಹಿಡಿದವನಲ್ಲ. ಉಂಡ ತಾಟನ್ನು ಎತ್ತಿ ಬಚ್ಚಲಿಗೆ ಇಟ್ಟವನೂ ಅಲ್ಲ. ಆದರೂ ನಮ್ಮ ಮೂಡಲಗಿಯಲ್ಲಿ ಅವನಷ್ಟು ಕಸ ಹೊಡೆಯುವ ಗಂಡಸು ಇನ್ನೊಬ್ಬನಿಲ್ಲ! ಆ ಕಸ ಕಣ್ಣಿಗೆ ಕಾಣುವುದಿಲ್ಲ, ಧೂಳು ಏಳುವುದಿಲ್ಲ, ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಚೆಲ್ಲುವ ಹಾಗೂ ಇಲ್ಲ. ಅದು ಕಂಪ್ಯೂಟರಿನೊಳಗಿನ ಕಸ. ಅದನ್ನು ಹೊಡೆದು ಹೊಡೆದೇ ಅವನು ನನ್ನ ಸೊಸೆಯ ಅಂಗಡಿಗೆ ಬೀಗ ಹಾಕಿಸುವುದರಲ್ಲಿದ್ದ.

ಬಸ್‌ಸ್ಟ್ಯಾಂಡಿನ ಎದುರಿಗೆ ಸೊಸೆಯದೊಂದು ಸಣ್ಣ ಅಂಗಡಿ. ಹೊಲದ ಉತಾರ, ಜಾತಿ ಪ್ರಮಾಣಪತ್ರ, ನೌಕರಿ ಅರ್ಜಿ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ತುಂಬಿ ಕೊಡುತ್ತಾಳೆ. ಮೈದುನ ಮೂವತ್ತೈದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ರಿಟೈರ್ ಆದ ಮೇಲೆ ಮನೆಯಲ್ಲಿ ಕೂತರೆ ಗೋಡೆ ಮೈಮೇಲೆ ಬಿದ್ದಂತಾಗುತ್ತದಂತೆ! ಬೆಳಿಗ್ಗೆ ಸ್ನಾನ ಮಾಡಿ ಹಣೆ ತುಂಬ ವಿಭೂತಿ ಬಳಿದುಕೊಂಡು ಅಂಗಡಿಗೆ ಬಂದು ಒಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಕೂತಿದ್ದರೆ ಯಾರಿಗೇನು ತಕರಾರು?

ಒಂದು ದಿನ ಯಂತ್ರ ಎತ್ತಿನ ಬಂಡಿಗಿಂತ ನಿಧಾನವಾಯಿತು. ರಿಪೇರಿಯವನು ಗೋಕಾಕದಿಂದ ಬಂದ. ಇಂಟರ್ನೆಟ್ಟಿನಲ್ಲಿ ನೋಡಿದ ಪುಟದ್ದೆಲ್ಲ ಒಂದೊಂದು ತುಣುಕನ್ನು ಯಂತ್ರ ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ, ಅವಕ್ಕೆ ಟೆಂಪರರಿ ಫೈಲ್ ಅನ್ನುತ್ತಾರೆ, ಆಗಾಗ ಅಳಿಸುತ್ತಿರಬೇಕು ಎಂದು ಹೇಳಿದ. ಅಳಿಸುವುದು ಹೇಗೆಂದೂ ತೋರಿಸಿದ. ಸೊಸೆ ನೋಡಿ ಮರೆತಳು. ಮೈದುನ ಮರೆಯಲಿಲ್ಲ.

"ವೈನಿ, ಇವೆಲ್ಲಾ ಟಿಕೆಟ್ ಮುಗದ ಮ್ಯಾಲೂ ಇಳೀದ ಕುಂತ ಪ್ಯಾಸೆಂಜರ್ ಇದ್ದಂಗ. ಇಳಸಾಕ ಬೇಕು!" ಎಂದು ಅತ್ತಿಗೆಯಾದ ನನಗೆ ಹೇಳಿದ. ಅವತ್ತಿನಿಂದ ಮುಂಜಾನೆಗೊಮ್ಮೆ, ಊಟಕ್ಕೆ ಮೊದಲೊಮ್ಮೆ, ಊಟದ ಮೇಲೊಮ್ಮೆ ಅಳಿಸುವುದೇ ಕೆಲಸ. ಒತ್ತುವಾಗ ಬಾಯಿಂದ "ರೈಟ್, ರೈಟ್!" ಬೇರೆ. ಹೊಸಬರು ಹೆದರಿ ಬಸ್ಸು ಬಿಟ್ಟಿತೆಂದು ಹೊರಗೆ ಓಡಿದ್ದೂ ಉಂಟು.

ಸುಮ್ಮನೆ ಅಳಿಸಿದರೆ ಒಂದು ಮಾತು. ಡಿಪೋಕ್ಕೆ ಬಸ್ಸು ಬಿಡುವ ಮುಂಚೆ ಸೀಟಿನ ಕೆಳಗೆಲ್ಲ ಬಗ್ಗಿ, ಯಾರದಾದರೂ ಕೊಡೆ ಉಳಿಯಿತೋ ಬುತ್ತಿಗಂಟು ಉಳಿಯಿತೋ ಎಂದು ನೋಡಿದ ಮನುಷ್ಯ ಅವನು. ಇಲ್ಲಿಯೂ ಅದೇ ಚಾಳಿ! ಒಂದೊಂದು ತುಣುಕನ್ನೂ ತೆರೆದು ನೋಡಿ, ಕಂಡದ್ದನ್ನು ಒದರಿ, ಆಮೇಲೆ ಅಳಿಸುವುದು.

ಈ ಚಾಳಿ ಹುಕ್ಕೇರಿಯಲ್ಲಿ ನಮ್ಮ ಮಾನ ತೆಗೆಯಿತು. ನನ್ನ ತಮ್ಮನ ಮಗಳಿಗೆ ಅಲ್ಲಿಯ ಒಂದು ಸಂಬಂಧ ಬಂದಿತ್ತು. ಗಂಡಿನ ಮನೆ ನೋಡಲು ಹತ್ತು ಮಂದಿ ಹೋದೆವು. ಎಲ್ಲರೂ ಹೊಲ ಎಷ್ಟು, ಬಾವಿಯಲ್ಲಿ ನೀರೆಷ್ಟು ಎಂದು ವಿಚಾರಿಸುತ್ತಿದ್ದರೆ ಇವನು, "ಮನ್ಯಾಗ ಕಂಪ್ಯೂಟರ್ ಐತೇನ್ರಿ?" ಅಂದ. ಐತಿ ಅಂದರು. ಹೋಗಿ ಕೂತೇಬಿಟ್ಟ. ಗಂಡಿನ ತಾಯಿ, "ಚಾ ಆರತೈತಿ, ಬರ್ರಿ" ಎಂದು ಮೂರು ಸಲ ಕರೆದಳು. ಇವನು ಏಳಲೇ ಇಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಬಂತು: "ವೈನಿ, ಇಲ್ಲಿ ಬರ್ರಿ! ತಲಿಮ್ಯಾಲ ಇಟಗೊಳ್ಳೂ ಕೂದಲಾ ಎಷ್ಟ್ ಥರಾ ಅದಾವ್ರಿ! ಒಂದೊಂದೂ ಮದಿಮಗನ ಕೂದಲಿದ್ದಂಗ ಐತಿ!"

ಹೊರಗಿದ್ದ ಎಲ್ಲರೂ ಒಮ್ಮೆಲೇ ಗಂಡಿನ ತಲೆ ನೋಡಿದೆವು. ಅವನು ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಇನ್ನೇನು ಹೇಳಲಿ? ಸಂಬಂಧ ಅಲ್ಲಿಗೇ ಮುಗಿಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಇವನ ದುಃಖವೇ ಬೇರೆ. "ಅಷ್ಟ್ ಕಸಾ ತಗದ ಕೊಟ್ಟೆ. ಒಬ್ಬರರ ಶಬಾಶ್ ಅಂದ್ರೇನ್ರಿ ವೈನಿ?"

ಹೊರಗಿನವರ ಮನೆ ಕೆಡಿಸಿದ್ದು ಸಾಲದೆ ನಮ್ಮ ಅಂಗಡಿಗೂ ಅದೇ ಗತಿ ತಂದ. ಮಸಗುಪ್ಪಿಯ ಒಬ್ಬ ಅಜ್ಜ ರೇಶನ್ ಕಾರ್ಡಿನಲ್ಲಿ ಮೊಮ್ಮಕ್ಕಳ ಹೆಸರು ಸೇರಿಸಲು ಬಂದಿದ್ದ. ಸೊಸೆ ಒಂದು ತಾಸು ಕೂತು ಅರ್ಜಿ ತುಂಬಿದಳು. ಕೊನೆಯ ಗುಂಡಿ ಒತ್ತುವ ಮುಂಚೆ ಒಳಗೆ ನೀರು ಕುಡಿಯಲು ಹೋದಳು. ಅಷ್ಟರಲ್ಲಿ "ರೈಟ್, ರೈಟ್!" ಅರ್ಜಿ ಮಾಯ!

"ನಮ್ಮ ಹುಡುಗರ ಹೆಸರೆಲ್ಲಿ ಹೋದುವಪಾ?" ಅಜ್ಜ ಕೇಳಿದ.

"ಇಳಿಸೀನ್ರಿ ಅಜ್ಜಾರ. ಲಾಸ್ಟ್ ಸ್ಟಾಪ್ ಬಂದಿತ್ತು."

"ನಾವಿನ್ನೂ ಹತ್ತೇ ಇಲ್ಲಲೋ ಹುಚ್ಚಪ್ಯಾಟಿ!"

ಇಂಥದ್ದು ಒಂದಲ್ಲ, ನಾಲ್ಕಾಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಆಚೆ ಓಣಿಯ ಅಂಗಡಿಗೆ ಹೋಗತೊಡಗಿದರು. ಸೊಸೆ ಒಂದು ಸಂಜೆ ನನ್ನ ಮುಂದೆ ಕೂತು, "ಅತ್ತಿ, ನನಗ ಬಾಯಿ ಬರೂದಿಲ್ಲ. ಸಣ್ಣ ಮಾವಾರಿಗೆ ನೀವ ಹೇಳ್ರಿ, ಅಂಗಡಿಗೆ ಬರಬ್ಯಾಡ್ರಿ ಅಂತ. ಇಲ್ಲಂದ್ರ ಅಂಗಡಿ ಉಳಿಯೂದಿಲ್ಲ" ಅಂದಳು. ಕಣ್ಣಲ್ಲಿ ನೀರಿತ್ತು. ಅವಳು ಹೇಳಿದ್ದು ಖರೆ. ಅವನಿಗೆ ಹೋಗಲು ಬೇರೆ ಜಾಗವಿಲ್ಲ ಎನ್ನುವುದೂ ಖರೆ. ಆದರೆ ಅಂಗಡಿ ನಡೆದರೆ ತಾನೆ ಸ್ಟೂಲು? ನನಗೆ ಮುಖ ನೋಡಿ ಮಾತು ನುಂಗಿ ರೂಢಿಯಿಲ್ಲ. ನಾಳೆ ಹೇಳುತ್ತೇನೆ ಅಂದೆ.

ಮರುದಿನ ಹೇಳಲೆಂದೇ ಹೋದೆ. ಸೊಸೆಯ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ಸೆರಗನ್ನು ಮುಂಗೈವರೆಗೆ ಎಳೆದುಕೊಂಡಿದ್ದಳು; ಸರಿದಾಗ ಬಳೆಯ ಮೇಲುಗಡೆ ಹಸಿರುಗಟ್ಟಿದ ಬಾಸುಂಡೆ ಕಂಡಿತು. ಘಟಪ್ರಭೆಯ ಒಂದು ದವಾಖಾನೆಯಲ್ಲಿ ಆಯಾ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಳು. ಅರ್ಜಿ ಕಳಿಸಿ ಮುಗಿದ ಮೇಲೆ ಎದ್ದು ನಿಂತು, "ಅಕ್ಕಾರ, ಮನ್ಯಾಗ ಗೊತ್ತಾದ್ರ ನನ್ನ ಉಳಸೂದಿಲ್ರಿ" ಅಂದು ಹೋದಳು.

ಮೈದುನ ಯಂತ್ರದ ಮುಂದೆ ಸರಿದ. ಇದೊಂದು ಸಲ ಕಸ ಹೊಡೆಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಆ ದಿನ ಅವನು ಯಾವ ತುಣುಕನ್ನೂ ತೆರೆದು ನೋಡಲಿಲ್ಲ. ಬಾಯಿಂದ ರೈಟ್ ಅನ್ನಲಿಲ್ಲ. ತುಟಿ ಬಿಗಿಹಿಡಿದು, ಎಲ್ಲವನ್ನೂ ಅಳಿಸಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಗಂಡ ಬಂದ.

"ನನ್ನ ಹೇಣ್ತಿ ಇಲ್ಲಿ ಕುಂತಿದ್ಲಂತ. ಏನ್ ನೋಡಿದ್ಲು? ತೋರಸ್ರಿ!"

ಸೊಸೆ ಎದ್ದು ಹಿಂದೆ ಸರಿದಳು. ಅವನೇ ಕುರ್ಚಿ ಎಳೆದುಕೊಂಡು ಕೂತು ಅದನ್ನೊತ್ತಿದ, ಇದನ್ನೊತ್ತಿದ. ತಿಳಿದ ಮನುಷ್ಯನೇ. ಆದರೆ ಒಳಗೆ ಏನಿತ್ತು? ಸಾರಿಸಿದ ಅಂಗಳ! ಆಗ ಮೈದುನನ ಕಡೆ ತಿರುಗಿದ. "ಏ ಮುದಕಾ, ನೀ ದಿನಾ ಇಲ್ಲೇ ಇರ್ತಿ. ಏನ್ ನೋಡಿದ್ಲು ಹೇಳು."

ನಾನು ಮೈದುನನ ಬಾಯಿಯನ್ನೇ ನೋಡಿದೆ. ಮದುಮಗನ ತಲೆಯ ಗುಟ್ಟನ್ನು ಹತ್ತು ಮಂದಿಯ ನಡುವೆ ಒದರಿದ ಬಾಯಿ ಇದು!

ಮೈದುನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ನಿಧಾನವಾಗಿ ಒರೆಸಿದ. "ತಮ್ಮಾ, ನನ್ನ ಎರಡೂ ಕಣ್ಣಿಗೆ ಪೊರಿ ಬಂದಾವು. ಇಲ್ಲಿ ಹೆಣ್ಣ ಕುಂತಿತ್ತೋ ಗಂಡ ಕುಂತಿತ್ತೋ, ಅದೂ ಗೊತ್ತಾಗೂದಿಲ್ಲ."

ಗಂಡ ಸ್ಟೂಲನ್ನು ಒದ್ದು ಹೋದ.

ಸ್ಟೂಲನ್ನು ಎತ್ತಿ ನಿಲ್ಲಿಸಿದವಳು ಸೊಸೆ. ಸೆರಗಿನಿಂದ ಒರೆಸಿ, "ಕುಂದರ್ರಿ ಸಣ್ಣ ಮಾವಾರ. ಅರ್ಧಾ ತುಂಬಿದ ಅರ್ಜಿ ಒಂದ ಮುಟ್ಟಬ್ಯಾಡ್ರಿ, ಸಾಕು" ಅಂದಳು. ನಾನು ಹೇಳಬೇಕೆಂದು ತಂದಿದ್ದ ಮಾತನ್ನು ನುಂಗಿಕೊಂಡೆ. ನನ್ನ ಜನ್ಮದಲ್ಲಿ ಅದೊಂದೇ ಸಲ!

ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಹೆಣ್ಣುಮಗಳು ಬಗಲಲ್ಲಿ ಕೂಸು, ಕೈಯಲ್ಲಿ ಒಂದು ಚೀಲ ಹಿಡಿದು ಘಟಪ್ರಭೆಯ ಬಸ್ಸು ಹತ್ತುವುದು ಅಂಗಡಿಯಿಂದ ಕಂಡಿತು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನೋಡದಿದ್ದದ್ದೇ ಶಾಣ್ಯಾತನ. ಮೈದುನ ಮಾತ್ರ ಎದ್ದು ನಿಂತ. ಬಸ್ಸು ಹೊರಟು ತಿರುವು ದಾಟಿ ಮರೆಯಾಗುವವರೆಗೂ ಕೈಕಟ್ಟಿಕೊಂಡು ನಿಂತೇ ಇದ್ದ.

ನನಗೆ ಮೊಣಕಾಲು ನೋವು, ಸುಮ್ಮಸುಮ್ಮನೆ ಏಳುವವಳಲ್ಲ. ಆದರೂ ಎದ್ದು ಅವನ ಪಕ್ಕಕ್ಕೆ ಹೋಗಿ ನಿಂತೆ.