ಅತ್ತೆಯ ಜಾಡಿಗೊಂದು ಮುಚ್ಚಳ

ತಳದಲ್ಲಿ ಉಳಿದಿದ್ದ ಒಂದೇ ಒಂದು ಮಾವಿನ ಹೋಳಿನ ಆಸೆಗೆ ಸೋಮನಾಥ್ ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದ. ಹೋಳು ಬಾಯಿಗೆ ಬಂತು. ಪಿಂಗಾಣಿ ಮುಚ್ಚಳ ಎಣ್ಣೆಗೈಯಿಂದ ಜಾರಿ ಅಡುಗೆಮನೆ ತುಂಬ ಚೂರಾಯಿತು.

ಅಯ್ಯೋ ಪಾಪ ಅನ್ನಬೇಡಿ, ಬೇಕಿತ್ತು ಅವನಿಗೆ. ಅದು ಅತ್ತೆ ದಾನಮ್ಮ ಮಗಳ ಜೊತೆ ಕಳಿಸಿದ್ದ ಜಾಡಿ. ವರ್ಷವರ್ಷವೂ ಗದಗದಿಂದ ಉಪ್ಪಿನಕಾಯಿ ತಂದು, ಜಾಡಿಯನ್ನು ತಿರುಗಿಸಿ ಮುರುಗಿಸಿ ನೋಡಿಯೇ ತುಂಬುತ್ತಿದ್ದರು. ತನ್ನ ಜಾಡಿಯ ಮುಚ್ಚಳ ಒಡೆದ ದೊಡ್ಡಳಿಯ ಇವತ್ತಿಗೂ ಅಂಗಡಿ ಉಪ್ಪಿನಕಾಯಿ ತಿನ್ನುತ್ತಿದ್ದಾನೆ. ಈಗ ಅತ್ತೆ ಸಂಜೆಗೆ ಬರುವವರು. ಹೆಂಡತಿ ಉಮಾಶ್ರೀ ಕರೆತರಲು ಹೊರಟೂ ಆಗಿತ್ತು.

ಸದ್ದು ಕೇಳಿ ಪಕ್ಕದ ಮನೆ ಯಲ್ಲಯ್ಯ ಬಂದರು. ಶ್ರೀನಗರ ಬಡಾವಣೆಯಲ್ಲಿ ಯಾರ ಮನೆಯಲ್ಲಿ ಏನು ಬಿದ್ದರೂ ಅವರು ಹಾಜರು.

"ಜೆ.ಪಿ. ನಗರದಲ್ಲಿ ಆಂಟಿಕ್ ಮಾಲ್ ಇದೆ, ಹಳೇ ಸಾಮಾನು ಏನ್ ಬೇಕಾದ್ರೂ ಸಿಗುತ್ತೆ. ನಡೀರಿ, ನಾನೂ ಬರ್ತೀನಿ."

"ನಿಮಗ್ಯಾಕೆ ತೊಂದ್ರೆ ಯಲ್ಲಯ್ಯೋರೇ..."

"ತೊಂದ್ರೆ ಏನ್ ಬಂತು! ಚಪ್ಪಲಿ ಹಾಕ್ಕೊಂಡೇ ಬಂದಿದೀನಿ."

ಅಳತೆಗೆಂದು ಜಾಡಿಯನ್ನು ಕೂಸಿನಂತೆ ಅವಚಿಕೊಂಡು ಮಾಲಿನೊಳಗೆ ಕಾಲಿಟ್ಟ ಸೋಮನಾಥ್ ಅಲ್ಲೇ ನಿಂತುಬಿಟ್ಟ. ಅಬ್ಬಬ್ಬಾ! ಕಿಟಕಿಯ ಬಿಸಿಲು ಸಾಲು ಸಾಲು ಗಾಜಿನಲ್ಲಿ ಹಾದು ನೆಲದ ಮೇಲೆ ನೀಲಿ, ಹಸಿರು, ಕೆಂಪಾಗಿ ಚೆಲ್ಲಿತ್ತು. ನೀಲಿ ಹೂವಿನ ಪಿಂಗಾಣಿ ತಟ್ಟೆಗಳು, ಅಜ್ಜಿ ಕಾಲದ ಚಿಮಣಿ ದೀಪಗಳು! ಚಿಕ್ಕಂದಿನಲ್ಲಿ ಗೋಲಿಯ ಆಸೆಗೆ ಅವನೇ ಒಡೆಯುತ್ತಿದ್ದಂಥ ಸೋಡಾ ಬಾಟಲಿಗೆ ಇಲ್ಲಿ ತಲೆಯ ಮೇಲೊಂದು ಬಲ್ಬು, ಪಕ್ಕದಲ್ಲಿ 'ಮುಟ್ಟಬೇಡಿ' ಫಲಕ. ಅವನು ಗರ್ಭಗುಡಿಯ ಮುಂದೆ ನಿಂತವನಂತೆ ತಲೆ ಬಾಗಿಸಿದ.

ಅಂಗಡಿಯ ಹುಡುಗಿ ಐಶ್ವರ್ಯ ಅವನ ಜಾಡಿಯಂಥದ್ದೇ ಇನ್ನೊಂದನ್ನು ತಂದಳು. ಅದರ ಮುಚ್ಚಳ ತೆಗೆದು ಇವನ ಜಾಡಿಗೆ ಇಟ್ಟಳು. ಹೇಳಿ ಮಾಡಿಸಿದ ಹಾಗೆ ಕೂತಿತು.

"ಸೂಪರ್ ಸಾರ್! ಆದ್ರೆ ಬರೀ ಮುಚ್ಚಳ ಕೊಡಲ್ಲ, ಜಾಡಿ ಸಮೇತ ತಗೋಬೇಕು. ನೋಡ್ತಿರಿ, ಬಂದೆ" ಎಂದು ಬೇರೆ ಗಿರಾಕಿಯತ್ತ ಹೋದಳು.

ಆಗಲಿ ಎಂದುಕೊಂಡ ಸೋಮನಾಥ್ ಇನ್ನೊಂದು ಸಲ ಬಣ್ಣದ ಗಾಜು ನೋಡಿ ಬಂದ. ಮೇಜಿನ ಮೇಲೆ ಎರಡು ಜಾಡಿ, ಅವಳಿ ಜವಳಿಯಂತೆ. ಯಾವುದು ಯಾರದು?

"ಇದೇನ್ ಕೇಳ್ತೀರಾ? ಮುಚ್ಚಳ ಇರೋದು ಅಂಗಡೀದು, ಇಲ್ಲದ್ದು ನಿಮ್ದು" ಎಂದು ಯಲ್ಲಯ್ಯ ತೀರ್ಪು ಕೊಟ್ಟರು.

ಸೋಮನಾಥ್ ಮುಚ್ಚಳವಿದ್ದ ಜಾಡಿ ತೆರೆದು ಬೆರಗಾದ. "ಯಲ್ಲಯ್ಯೋರೇ, ಅಂಚಲ್ಲಿ ನಮ್ಮ ಜಾಡಿಗಿರೋ ಥರಾನೇ ಚಕ್ಕೆ ಎದ್ದಿದೆ! ಒಳಗೆ ಉಪ್ಪಿನಕಾಯಿ ವಾಸ್ನೆ ಬೇರೆ!"

"ಅದಕ್ಕೇ ಕಣ್ರೀ ಆಂಟಿಕ್ ಅನ್ನೋದು! ಹಳೇ ಕಾಲದೋರು ಚಕ್ಕೆನೂ ಅಳತೆ ಇಟ್ಟು ತೆಗೀತಿದ್ರು."

ಬಿಲ್ಲನ್ನು ಎರಡೆರಡು ಸಲ ಓದಿ ಸೋಮನಾಥ್ ತೆತ್ತು, ಮುಚ್ಚಳದ ಜಾಡಿ ಹೊತ್ತು ಮನೆಗೆ ಓಡಿದ. ಬೋಳು ಜಾಡಿ ಅಲ್ಲೇ ಉಳಿಯಿತು. ನೋಡಿ ಮುಗಿಯದ ಯಲ್ಲಯ್ಯನವರೂ ಉಳಿದರು.

ಸಂಜೆ ದಾನಮ್ಮ ಜಾಡಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಭೇಷ್ ಅಳಿಯಂದ್ರ, ಜ್ವಾಕಿ ಇಟ್ಟೀರಿ" ಎಂದು ಮಾವಿನಕಾಯಿ ಉಪ್ಪಿನಕಾಯಿ ತುಂಬಿ ಮುಚ್ಚಳ ಹಾಕಿದರು. ಬದುಕಿದೆಯಾ ಬಡಜೀವವೇ ಎಂದುಕೊಂಡ ಅವನು.

ಅಷ್ಟರಲ್ಲಿ ಬೋಳು ಜಾಡಿ ತಬ್ಬಿಕೊಂಡು ಯಲ್ಲಯ್ಯ ಬಾಗಿಲಿಗೆ ಬಂದರು. "ಅತ್ತೆಯೋರ ಜಾಡಿ ಅಲ್ಲೇ ಬಿಟ್ಟು ಬರೋದೇನ್ರೀ? ನೀವು ಮುಚ್ಚಳ ಒಡೆದ್ರೆ ಪಾಪ ಜಾಡಿ ಏನ್ ಮಾಡ್ತು?"

ಸೋಮನಾಥ್ ತೊದಲುತ್ತ ಎಲ್ಲ ಒಪ್ಪಿಕೊಂಡ. ದಾನಮ್ಮ ಎರಡೂ ಜಾಡಿಗಳ ಅಂಚು ಸವರಿ ನೋಡಿದರು.

"ಇದು ನಮ್ದಲ್ರೀ. ಉಪ್ಪಿನಕಾಯಿ ತುಂಬಿದ್ದೇ ನಮ್ಮ ಜಾಡಿ. ಈ ಚಕ್ಕಿ ನಮ್ಮ ಉಮಾ ಸಣ್ಣಾಕಿ ಇದ್ದಾಗ ಒಳ್ಳಕಲ್ಲಿಗೆ ಬಡಿದು ಎಬ್ಬಿಸಿದ್ದು. ಅಂದ್ರ ನಮ್ಮ ಜಾಡೀನ ರೊಕ್ಕಾ ಕೊಟ್ಟು ಹೊತ್ಕೊಂಡು ಬಂದ್ರೇನು?" ಅವರಿಗೆ ನಗು ತಡೆಯಲಾಗಲಿಲ್ಲ. "ಅಳಿಯನ ಕುರುಡು ಬೆಳಗಾದ್ರ ತಿಳೀತದ ಅಂತಾರ. ನಮ್ಮ ಅಳಿಯಂದ್ರದು ಸಂಜೀಕೇ ತಿಳೀತು!"

ಉಮಾಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆಗೆ ಸಿಟ್ಟು ಬರಲಿಲ್ಲವಲ್ಲ ಎಂದು ಸೋಮನಾಥನೂ ನಕ್ಕ.

"ಹೋಗ್ಲಿ, ಚಲೋನ ಆತು" ಎಂದ ದಾನಮ್ಮ ಚೀಲದಿಂದ ಇನ್ನೊಂದು ಡಬ್ಬಿ ತೆಗೆದರು. "ನಿಂಬಿಕಾಯಿದೂ ತಂದೀನಿ. ಇದರಾಗ ತುಂಬೋಣು."

ಸೋಮನಾಥನ ಬಾಯಲ್ಲಿ ನೀರೂರಿತು. ದಾನಮ್ಮ ಆ ಜಾಡಿಯನ್ನೂ ತಿರುಗಿಸಿ ಮುರುಗಿಸಿ ನೋಡಿ, ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿದರು.

"ಇದರ ಮುಚ್ಚಳ ಎಲ್ರೀ?"

ಬಾಗಿಲಲ್ಲಿ ಯಲ್ಲಯ್ಯನವರ ಮುಖ ಅರಳಿತು. "ನಡೀರಿ ಸೋಮನಾಥ್, ನಾನಿನ್ನೂ ಚಪ್ಪಲಿ ಬಿಟ್ಟಿಲ್ಲ."